ಬೈಸಿಕಲ್ಲಿನ ಹೇರು



ಈ ಸಂಜೆ ನಾನು ಮಾತನಾಡಹೊರಟಿರುವ ವಿಷಯ ಚೀಲ. ಚೀಲದ ವಿಷಯದಲ್ಲಿ ಹೇಳತಕ್ಕದ್ದು ಏನಿದೆ, ಅದರಲ್ಲಿಯೂ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವವನು ಹೇಳತಕ್ಕದ್ದು ಏನಿದೆ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗುವುದಕ್ಕೆ ಕಾರಣವಿಲ್ಲದೆ ಇಲ್ಲ. ಆದರೆ ಬೈಸಿಕಲ್ಲನ್ನೇರಿ ನಾಲ್ಕಾರು ದಿನ ಊರೂರು ಸುತ್ತಿ ಬರಬೇಕೆಂಬ ಆಸೆಯುಳ್ಳವರು ನಮ್ಮಲ್ಲಿ ಈಗ ಬಹುಮಂದಿ ಇದ್ದಾರೆ. ಅವರು ಸೈಕಲ್ಲನ್ನು ಆರಿಸುವಾಗ ತೋರುವ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲನ್ನೂ ಚೀಲದ ವಿಷಯದಲ್ಲಿ ತೋರುವುದಿಲ್ಲ. ನಾನೂ ತೋರಿರಲಿಲ್ಲ. ಅದರ ಫಲವನ್ನು ನನಗಿಂತ ಹೆಚ್ಚಾಗಿ ನನ್ನ ಸೋದರಳಿಯನು ಉಂಡನು. ಆ ಸಂಗತಿಯನ್ನು ಸ್ವಲ್ಪ ಹೊತ್ತಿನ ಮೇಲೆ ಹೇಳುತ್ತೇನೆ.

ಹೇರು ಹೊರಿಸುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಘಟ್ಟದ ದಾರಿಗಳಲ್ಲಿ ಗಾಡಿ ನಡೆಯದಿದ್ದ ಕಾಲದಲ್ಲಿ ಅಕ್ಕಿ ಉಪ್ಪುಗಳು ಹೇರೆತ್ತುಗಳ ಬೆನ್ನಿನ ಮೇಲೆಯೇ ಹತ್ತಿ ಇಳಿಯುತ್ತಿದ್ದುವು. ಎತ್ತಿನ ಎರಡು ಪಕ್ಕಕ್ಕೂ ಸಮತೂಕವಾಗಿ ಇಳಿಬೀಳುವ ಆ ಜೋಡಿಚೀಲಕ್ಕೆ ಹಸುಬೆಯೆಂದು ಹೆಸರು. ಸೈಕಲ್ಲಿನ ಹಿಂದಿನ ಕ್ಯಾರಿಯರಿನ ಇಕ್ಕೆಲಗಳಲ್ಲಿ ತೂಗುಹಾಕುವ ಚೀಲಗಳು ಈ ಹಸುಬೆಯ ವಂಶದವೇ. ಇಂಗ್ಲಿಷಿನವರು ಅದನ್ನು ಪ್ಯಾನಿಯರ್ ಎನ್ನುತ್ತಾರೆ. ಆ ಮಾತಿನ ಮೂಲವನ್ನು ಹುಡುಕಿಕೊಂಡು ಹೋದರೆ ಲ್ಯಾಟಿನ್ ಭಾಷೆಯ ರೊಟ್ಟಿಯ ಬುಟ್ಟಿ ಸಿಕ್ಕುತ್ತದೆ. ಎಂದರೆ ಅಲ್ಲಿಯೂ ಇದು ಕತ್ತೆ ಕುದುರೆಗಳ ಬೆನ್ನಿನಿಂದಲೇ ಇಳಿದುಬಂದ ಸಲಕರಣೆ.

ನಾನು ಇಂದು ಹೇಳಬೇಕೆಂದಿರುವುದು ಇದಕ್ಕಿಂತ ಬೇರೆಯಾದ ಒಂದು ಕ್ರಮವನ್ನು. ಅದರಲ್ಲಿ ಕ್ಯಾರಿಯರೇ ಇಲ್ಲ. ಸೈಕಲ್ಲಿನ ಮೈಗೇ ಚೀಲಗಳನ್ನು ಬಿಗಿದು ಕಟ್ಟುವುದು: ಹ್ಯಾಂಡಲ್ಲಿನ ಮುಂದೆ ಸುರುಳಿಯಾಗಿ ಒಂದು, ಚೌಕಟ್ಟಿನ ತ್ರಿಕೋನದೊಳಗೆ ಒಂದು, ಸೀಟಿನ ಹಿಂದೆ ಬಾಲದಂತೆ ಒಂದು. ಇದಕ್ಕೆ ಈಗ ಬೈಕ್‌ಪ್ಯಾಕಿಂಗ್ ಎಂದು ಹೆಸರಾಗಿದೆ. ಹೆಸರು ಹೊಸದಾದರೂ ಕ್ರಮ ಹಳೆಯದು. 1884ನೆಯ ಏಪ್ರಿಲ್ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಎತ್ತರದ ಗಾಲಿಯ ಸೈಕಲ್ಲಿನ ಮೇಲೆ ಹೊರಟ ಥಾಮಸ್ ಸ್ಟೀವನ್ಸ್ ಎಂಬಾತನು 1886ರ ಡಿಸೆಂಬರಿನಲ್ಲಿ ಜಪಾನಿನ ಯೋಕೋಹಾಮವನ್ನು ಸೇರಿ ಭೂಪ್ರದಕ್ಷಿಣೆಯನ್ನು ಮುಗಿಸಿದನು. ನಡುವೆ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ದೇಶದ ಹೆದ್ದಾರಿಯನ್ನೂ ತುಳಿದನು. ಆತನು ಹೊರಟಾಗ ಹ್ಯಾಂಡಲ್ಲಿನ ಚೀಲದಲ್ಲಿ ಇದ್ದುದು ಕಾಲುಚೀಲಗಳು, ಒಂದು ಹೆಚ್ಚಿನ ಅಂಗಿ, ಮಳೆಯಂಗಿ, ಒಂದು ಪಿಸ್ತೂಲು, ಇಷ್ಟೇ. ಆ ಮಳೆಯಂಗಿಯೇ ಗುಡಾರ, ಅದೇ ಹಾಸಿಗೆ. ನಾವು ಮಡಿಕೇರಿಗೆ ಹೋಗಿಬರುವುದಕ್ಕೆ ಇದರ ಐದರಷ್ಟು ಹೇರಿಕೊಳ್ಳುತ್ತೇವೆ.

1897ರಲ್ಲಿ ಅಮೆರಿಕದ 25ನೆಯ ಪದಾತಿದಳದ ಇಪ್ಪತ್ತು ಮಂದಿ ನೀಗ್ರೋ ಸಿಪಾಯಿಗಳು ಲೆಫ್ಟಿನೆಂಟ್ ಮಾಸ್ ಎಂಬ ಅಧಿಕಾರಿಯೊಡನೆ ಮಾಂಟಾನ ಪ್ರಾಂತ್ಯದ ಮಿಸ್ಸೂಲದಿಂದ ಸೇಂಟ್ ಲೂಯಿ ನಗರದವರೆಗೆ ಸುಮಾರು 1,900 ಮೈಲಿಗಳನ್ನು 41 ದಿನಗಳಲ್ಲಿ ಸೈಕಲ್ಲಿನ ಮೇಲೆ ಕ್ರಮಿಸಿದರು. ಅವರ ಕಂಬಳಿಯ ಸುರುಳಿ ಹ್ಯಾಂಡಲ್ಲಿನ ಮುಂದಿತ್ತು. ಚೌಕಟ್ಟಿನ ತ್ರಿಕೋನದೊಳಗೆ ಗಟ್ಟಿಯಾದ ಪೆಟ್ಟಿಗೆಯೊಂದಿತ್ತು. ಈಗಿನ ಬೈಕ್‌ಪ್ಯಾಕಿಂಗಿನ ಎರಡು ಅಂಗಗಳು ಅಲ್ಲಿಯೇ ಸಿದ್ಧವಾಗಿದ್ದುವು. ಮೂರನೆಯದನ್ನು, ಎಂದರೆ ಸೀಟಿನ ಹಿಂದಿನ ಚೀಲವನ್ನು, ಇಂಗ್ಲೆಂಡಿನವರು ಬಹಳ ಕಾಲ ಬೆಳೆಸಿದರು. ಲ್ಯಾಂಕಷೈರಿನ ನೆಲ್ಸನ್ ಎಂಬ ಊರಿನಲ್ಲಿ ವಿಲ್ಫ್ ಕ್ಯಾರಡೈಸ್ ಎಂಬುವರು 1932ರಲ್ಲಿ ಆರಂಭಿಸಿದ ದಪ್ಪ ಹತ್ತಿಬಟ್ಟೆಯ ಚೀಲಗಳು ಜಗತ್ಪ್ರಸಿದ್ಧವಾದುವು. ‘ಬೈಕ್‌ಪ್ಯಾಕಿಂಗ್’ ಎಂಬ ಮಾತು 1973ರ ಮೇ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ಒಂದು ಲೇಖನದ ಶೀರ್ಷಿಕೆಯಲ್ಲಿಯೇ ಕಾಣುತ್ತದೆ. ಆದರೆ ಈಗಿನ ರೂಪ ಗಟ್ಟಿಯಾದುದು ಅಲಾಸ್ಕದ ಹಿಮದ ದಾರಿಗಳಲ್ಲಿ 1987ರಿಂದ ನಡೆದ ಸೈಕಲ್ ಪಂದ್ಯಗಳಲ್ಲಿ, ಮತ್ತು ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋ ಗಡಿಯವರೆಗೆ ಸುಮಾರು 4,400 ಕಿಲೋಮೀಟರಿನ ಬೆಟ್ಟದ ದಾರಿಯಲ್ಲಿ 2008ರಿಂದ ನಡೆಯುತ್ತಿರುವ ಪಂದ್ಯದಲ್ಲಿ.

ಅಲ್ಲಿನವರು ಹಸುಬೆಯನ್ನು ಏಕೆ ಬಿಟ್ಟರು? ಕಲ್ಲುದಾರಿಯಲ್ಲಿ ಕ್ಯಾರಿಯರಿನ ತಿರುಪುಗಳು ಸಡಿಲವಾಗುತ್ತವೆ, ಕಂಬಿಗಳು ಮುರಿಯುತ್ತವೆ. ಅಗಲವಾದ ಚೀಲಗಳು ಪೊದೆಗೂ ಬಂಡೆಗೂ ತಗಲುತ್ತವೆ. ಸೈಕಲ್ಲನ್ನು ಇಳಿದು ತಳ್ಳಬೇಕಾದಾಗ ಮೊಣಕಾಲಿಗೆ ಬಡಿಯುತ್ತವೆ. ಎದುರುಗಾಳಿಗೆ ಅವು ಅಡ್ಡ ಹಿಡಿದ ಮೊರಗಳಂತೆ. ಇವೆಲ್ಲ ನಿಜ. ಆದರೂ ಒಂದು ಮಾತನ್ನು ಪಕ್ಷಪಾತವಿಲ್ಲದೆ ಹೇಳಬೇಕು. ಡಾಂಬರಿನ ರಸ್ತೆಯಲ್ಲೇ ಹೋಗಿ ಛತ್ರದಲ್ಲೋ ಹೋಟೆಲಿನಲ್ಲೋ ಮಲಗುವವರಿಗೆ ಒಳ್ಳೆಯ ಕ್ಯಾರಿಯರೂ ಒಂದು ಜೊತೆ ಹಸುಬೆಯೂ ಸಾಕು. ಅಗ್ಗ, ತುಂಬುವುದು ಸುಲಭ, ಬಿಚ್ಚುವುದು ಇನ್ನೂ ಸುಲಭ. ಹೊಸದೆಂಬ ಒಂದೇ ಕಾರಣಕ್ಕೆ ಸಾವಿರಾರು ರೂಪಾಯಿ ಕೊಟ್ಟು ಬಾಲದ ಚೀಲವನ್ನು ಕೊಳ್ಳುವವರನ್ನು ಕಂಡು ನನಗೆ ಮರುಕವೇ ಆಗುತ್ತದೆ. ಕಾಫಿ ತೋಟಗಳ ನಡುವಿನ ಮಣ್ಣುಹಾದಿ, ಘಟ್ಟದ ಹಳೆಯ ಜಾಡು ಇವುಗಳನ್ನು ಹಿಡಿಯುವವರಿಗೆ ಮಾತ್ರ ಈ ಕ್ರಮ ನಿಜವಾಗಿ ಸಲ್ಲುತ್ತದೆ.

ಈಗ ನನ್ನ ಅಪರಾಧದ ಸಂಗತಿ. ಎರಡು ವರ್ಷಗಳ ಹಿಂದೆ ಮಳೆಗಾಲದಲ್ಲಿ ನಾನೂ ನನ್ನ ಅಕ್ಕನ ಮಗನೂ ಮೈಸೂರಿನಿಂದ ಭಾಗಮಂಡಲಕ್ಕೆ ಹೊರಟೆವು. ಹುಡುಗನಿಗೆ ಆಗ ಹದಿನಾರು ವರ್ಷ. ಚೀಲಗಳನ್ನು ನಾನೇ ಹೊಲಿದಿದ್ದೆ. ಡೇರೆಯ ಹಳೆಯ ಕ್ಯಾನ್ವಾಸ್ ಬಟ್ಟೆ, ಮನೆಯಲ್ಲಿದ್ದ ನೂಲಿನ ದಾರ, ಕಾಲಿನಿಂದ ತುಳಿಯುವ ಹೊಲಿಗೆಯಂತ್ರ. ಹಿಂದಿನ ವರ್ಷ ಒಮ್ಮೆ ಉಪಯೋಗಿಸಿ ಸರಿಯಾಗಿ ಒಣಗಿಸದೆ ಅಟ್ಟಕ್ಕೆ ಎಸೆದಿದ್ದೆ. ಅದನ್ನೇ ಇಳಿಸಿ ಕಟ್ಟಿದೆ. ಮೊದಲನೆಯ ದಿನ ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಕುಶಾಲನಗರದಲ್ಲಿ ಉಳಿದೆವು. ಮಳೆ ಹನಿಯುತ್ತಿದ್ದರೂ ಹಿತವಾಗಿಯೇ ಇತ್ತು. ಎರಡನೆಯ ದಿನ ಮಡಿಕೇರಿಯನ್ನು ಬಿಟ್ಟ ಮೇಲೆ ಮಳೆ ಮಳೆಯಾಗಿ ಉಳಿಯಲಿಲ್ಲ. ಚೇರಂಬಾಣೆಯಿಂದ ಮುಂದೆ ಹುಡುಗನು, “ಮಾವ, ಸೈಕಲ್ಲು ಹಿಂದಕ್ಕೆ ಎಳೆಯುತ್ತಿದೆ” ಎಂದನು. ಆಯಾಸವೆಂದು ತಿಳಿದು ನಾನು ಲಕ್ಷಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಅವನ ಸೀಟಿನ ಚೀಲ ಜಗ್ಗಿ ಹಿಂದಿನ ಟೈರಿನ ಮೇಲೆ ಕುಳಿತಿದೆ; ಟೈರು ಬಟ್ಟೆಯನ್ನು ತಿಂದು ಅಂಗೈಯಗಲ ತೂತು ಮಾಡಿದೆ; ಅವನ ಒಣಬಟ್ಟೆ, ಉಣ್ಣೆಯ ಅಂಗಿ ಎಲ್ಲಿಯೋ ಉದುರಿಹೋಗಿವೆ. ಉಳಿದ ಕಂಬಳಿ ನೀರು ಕುಡಿದು ಕಲ್ಲಾಗಿತ್ತು. ಭಾಗಮಂಡಲವನ್ನು ಮುಟ್ಟುವಾಗ ಕತ್ತಲೆ. ಹುಡುಗನಿಗೆ ಮೊದಲು ನಡುಕ, ಆಮೇಲೆ ಮಾತು ತೊದಲು. ನಡುಕ ನಿಂತಾಗ ನಾನು ಸಮಾಧಾನಪಟ್ಟೆ. ಮೈಯ ಶಾಖ ಅಪಾಯದ ಮಟ್ಟಕ್ಕೆ ಇಳಿದಾಗಲೇ ನಡುಕ ನಿಲ್ಲುವುದೆಂದು ನನಗೆ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ದಾರಿಯ ಪಕ್ಕದ ಮನೆಯ ತಾಯಿಯೊಬ್ಬರು ಅವನ ಮುಖವನ್ನು ನೋಡಿದೊಡನೆಯೇ ಒಳಕ್ಕೆ ಕರೆದುಕೊಂಡು ಹೋಗಿ, ಒದ್ದೆಬಟ್ಟೆ ಬಿಡಿಸಿ, ರಗ್ಗುಗಳನ್ನು ಹೊದಿಸಿ ಒಲೆಯ ಬಳಿ ಕೂರಿಸಿ, ಬಿಸಿಯಾದ ಬೆಲ್ಲದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ನಡುರಾತ್ರಿಯ ಹೊತ್ತಿಗೆ ಅವನು ಸರಿಯಾಗಿ ಮಾತನಾಡಿದನು. ಊರಿಗೆ ಬಂದ ಮೇಲೆ ಅಕ್ಕ ನನ್ನನ್ನು ಬಯ್ಯಲಿಲ್ಲ. “ನಿನ್ನನ್ನು ನಂಬಿ ಕಳುಹಿಸಿದೆನಲ್ಲಪ್ಪ” ಎಂದಳು, ಅಷ್ಟೇ.

ಆ ಹರಿದ ಚೀಲವನ್ನು ನಾನು ಬಿಸಾಡಲಿಲ್ಲ. ಮೇಜಿನ ಮೇಲೆ ಹರಡಿಕೊಂಡು ಪರೀಕ್ಷಿಸಿದೆ. ಮೊದಲನೆಯದಾಗಿ, ದಾರ ಕೊಳೆತಿತ್ತು. ನೂಲಿನ ದಾರ ಒದ್ದೆಯಾದ ಮಾತ್ರಕ್ಕೆ ದುರ್ಬಲವಾಗುವುದಿಲ್ಲ. ಅಟ್ಟದ ಮೇಲೆ ತೇವದಲ್ಲಿ ಬೂಷ್ಟು ಹಿಡಿದುದೇ ಅದಕ್ಕೆ ಮೃತ್ಯುವಾದುದು. ಎರಡನೆಯದಾಗಿ, ಸೀಟಿಗೂ ಟೈರಿಗೂ ನಡುವೆ ಜಾಗ ಸಾಲದು. ಹುಡುಗನು ಕುಳ್ಳು, ಅವನ ಸೀಟು ತಗ್ಗು. ಚೀಲದ ತಳಕ್ಕೂ ಟೈರಿಗೂ ನಾಲ್ಕು ಬೆರಳಿನ ಅಂತರ ಮಾತ್ರ ಉಳಿದಿತ್ತು. ಮೂರನೆಯದನ್ನು ಹೇಳುವುದಕ್ಕೆ ನನಗೆ ನಾಚಿಕೆಯಾಗುತ್ತದೆ. ಸ್ಪಾನರುಗಳು, ಬೀಗ, ಸರಪಳಿ, ಸ್ಟೋವು ಮೊದಲಾದ ಭಾರವಾದ ವಸ್ತುಗಳನ್ನೆಲ್ಲ ಚೀಲದ ಬಾಲದ ತುದಿಗೆ ತುಂಬಿದ್ದೆ. ವರ್ಷ ವರ್ಷವೂ ತರಗತಿಯಲ್ಲಿ ಲೋಲಕದ ಪಾಠವನ್ನು ಹೇಳುವ ನಾನು ನನ್ನ ಕೈಯಾರೆ ಒಂದು ಲೋಲಕವನ್ನು ಹೊಲಿದು ಮಗುವಿನ ಬೆನ್ನ ಹಿಂದೆ ಕಟ್ಟಿದ್ದೆ.

ಆದುದರಿಂದ ಎಲ್ಲಕ್ಕಿಂತ ಮೊದಲು ತಿಳಿಯಬೇಕಾದುದು ಯಾವ ವಸ್ತು ಎಲ್ಲಿರಬೇಕೆಂಬುದನ್ನು. ಭಾರವಾದುದೆಲ್ಲ ಚೌಕಟ್ಟಿನ ತ್ರಿಕೋನಕ್ಕೆ, ಅದರಲ್ಲಿಯೂ ಪೆಡಲಿನ ಅಚ್ಚಿಗೆ ಹತ್ತಿರವಾಗಿ. ಉಪಕರಣ, ಟ್ಯೂಬು, ನೀರು, ಅವಲಕ್ಕಿ ಬೆಲ್ಲ ಇವುಗಳಿಗೆ ಅದೇ ಸ್ಥಾನ. ಗಾತ್ರ ದೊಡ್ಡದಾಗಿ ತೂಕ ಕಡಮೆಯಾದ ಹಾಸಿಗೆ, ಗುಡಾರಗಳು ಹ್ಯಾಂಡಲ್ಲಿಗೆ. ಅಲ್ಲಿ ಮೂರು ಕಿಲೋಗ್ರಾಮಿಗಿಂತ ಹೆಚ್ಚಾದರೆ ಇಳಿಜಾರಿನ ತಿರುವಿನಲ್ಲಿ ಸೈಕಲ್ಲು ಸವಾರನ ಮಾತನ್ನು ಕೇಳುವುದಿಲ್ಲವೆಂಬುದು ನನ್ನ ಅನುಭವ. ಸೀಟಿನ ಹಿಂದೆ ಬಟ್ಟೆ ಮಾತ್ರ; ಅದರಲ್ಲಿಯೂ ತೂಕವುಳ್ಳದ್ದು ಸೀಟಿನ ಕಂಬಕ್ಕೆ ಒತ್ತಿಕೊಂಡಿರಬೇಕು, ಹಗುರವಾದದ್ದು ತುದಿಯಲ್ಲಿ.

ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಮಾಡಬೇಕಾದ ಅಳತೆಗಳಿವೆ. ಸವಾರನು ಕುಳಿತ ಸ್ಥಿತಿಯಲ್ಲಿ ಸೀಟಿನ ಕಂಬಿಗೂ ಟೈರಿಗೂ ನಡುವೆ ಹದಿನೆಂಟು ಇಪ್ಪತ್ತು ಸೆಂಟಿಮೀಟರಾದರೂ ಇಲ್ಲದಿದ್ದರೆ ದೊಡ್ಡ ಬಾಲದ ಚೀಲದ ಆಸೆಯನ್ನು ಬಿಡಬೇಕು. ಬಾಗಿದ ಹ್ಯಾಂಡಲ್ಲಾದರೆ ಎರಡು ಕೊಂಬುಗಳ ನಡುವಿನ ಅಗಲವೇ ಸುರುಳಿಯ ಮಿತಿ. ಬ್ರೇಕಿನ ತಂತಿಗಳು ಚೀಲದ ಕೆಳಗೆ ಮಡಿಸಿ ಸಿಕ್ಕಬಾರದು, ದೀಪ ಮರೆಯಾಗಬಾರದು. ಲೀಟರುಗಳ ಲೆಕ್ಕ ಕೇಳಿ ಹೆದರಬೇಕಾದುದಿಲ್ಲ, ಶಾಲೆಯ ಗಣಿತ ಸಾಕು. ತ್ರಿಕೋನದ ಪಾದ 50 ಸೆಂಟಿಮೀಟರು, ಎತ್ತರ 30, ಚೀಲದ ದಪ್ಪ 6 ಆದರೆ ನಾಲ್ಕೂವರೆ ಲೀಟರು ಹಿಡಿಯುತ್ತದೆ. ಹದಿನೆಂಟು ಸೆಂಟಿಮೀಟರು ಅಡ್ಡಳತೆಯ, ನಲವತ್ತೈದು ಉದ್ದದ ಸುರುಳಿ ಹನ್ನೊಂದು ಲೀಟರಿಗೆ ಸ್ವಲ್ಪ ಮೇಲೆ.

ಈ ಮೂರರಲ್ಲಿ ಮನೆಯಲ್ಲಿಯೇ ಹೊಲಿಯಲು ತಕ್ಕದ್ದು ತ್ರಿಕೋನದ ಚೀಲವೆಂದು ನನ್ನ ಅಭಿಪ್ರಾಯ. ಏಕೆಂದರೆ ಒಬ್ಬರ ಸೈಕಲ್ಲಿನ ತ್ರಿಕೋನ ಇನ್ನೊಬ್ಬರದರಂತೆ ಇರುವುದಿಲ್ಲ. ಅಂಗಡಿಯ ಚೀಲ ಎಲ್ಲಿಯಾದರೂ ಒಂದು ಮೂಲೆಯನ್ನು ಬಿಟ್ಟೇ ಬಿಡುತ್ತದೆ. ಮೊದಲು ಸೈಕಲ್ಲನ್ನು ನಿಲ್ಲಿಸಿ ಅದರ ಹಿಂದೆ ದೊಡ್ಡ ರಟ್ಟನ್ನು ಹಿಡಿದು ಒಳಗಿನ ತ್ರಿಕೋನವನ್ನು ಪೆನ್ಸಿಲಿನಿಂದ ಎಳೆಯಬೇಕು. ಎಲ್ಲ ಕಡೆಯೂ ಅರ್ಧ ಸೆಂಟಿಮೀಟರು ಒಳಕ್ಕೆ ಕಡಮೆ ಮಾಡಿ ಕತ್ತರಿಸಿ, ರಟ್ಟನ್ನು ಚೌಕಟ್ಟಿನೊಳಗೆ ಕೂರಿಸಿ ನೋಡಬೇಕು. ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಾಗಿಸಬೇಕು. ಚೂಪು ಮೂಲೆಯನ್ನು ಹೊಲಿಯುವುದು ಪಳಗಿದವರಿಗೂ ಕಷ್ಟ. ಬಟ್ಟೆಯ ಮೇಲೆ ಎಳೆಯುವಾಗ ಹೊಲಿಗೆಗೆಂದು ಸುತ್ತಲೂ ಒಂದು ಸೆಂಟಿಮೀಟರು ಸೇರಿಸಬೇಕು. ಎರಡು ಪಕ್ಕಗಳು, ಅವುಗಳ ನಡುವೆ ಸುತ್ತಲೂ ಓಡುವ ಒಂದು ಪಟ್ಟೆ, ಚೀಲವೆಂದರೆ ಇಷ್ಟೇ. ಪಟ್ಟೆಯ ಅಗಲ ಮುಂದೆ ಆರು ಸೆಂಟಿಮೀಟರಿದ್ದರೆ ಹಿಂದೆ, ತೊಡೆ ಆಡುವ ಕಡೆ, ಐದಕ್ಕೆ ಇಳಿಯಲಿ. ಅರ್ಧ ಸೆಂಟಿಮೀಟರಿನ ಲೋಭಕ್ಕೆ ದಿನವಿಡೀ ಮೊಣಕಾಲು ಉಜ್ಜಿಸಿಕೊಳ್ಳುವುದು ಬೇಡ. ಒಳ್ಳೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಹಳೆಯ ಸಿಮೆಂಟ್ ಚೀಲದಲ್ಲಿ ಒಂದನ್ನು ಹೊಲಿದು ನೋಡಿರಿ. ನನ್ನ ಮೊದಲ ಸಿಮೆಂಟ್ ಚೀಲದಲ್ಲಿ ಜಿಪ್ಪು ತಲೆಕೆಳಗಾಗಿ ಬಂದಿತು.

ಬಟ್ಟೆಯ ವಿಷಯದಲ್ಲಿ ಡೆನಿಯರ್ ಎಂಬ ಅಂಕವನ್ನು ಅಂಗಡಿಯವರು ಹೇಳುತ್ತಾರೆ. ಒಂಬತ್ತು ಸಾವಿರ ಮೀಟರು ಎಳೆಯ ತೂಕ ಎಷ್ಟು ಗ್ರಾಮೋ ಅದೇ ಡೆನಿಯರು. 500 ಡೆನಿಯರಿನ ನೈಲಾನು ನಮ್ಮ ಕೆಲಸಕ್ಕೆ ಸಾಕು. 1000 ಗಟ್ಟಿ, ಆದರೆ ಮನೆಯ ಯಂತ್ರ ನರಳುತ್ತದೆ. ನೈಲಾನು ಒದ್ದೆಯಾದಾಗ ಸ್ವಲ್ಪ ಹಿಗ್ಗಿ ಜೋಲುತ್ತದೆ, ಪಾಲಿಯೆಸ್ಟರು ಅಷ್ಟು ಹಿಗ್ಗುವುದಿಲ್ಲ. ಆದುದರಿಂದ ಬಿಗಿಯುವ ಪಟ್ಟಿಗಳು ಪಾಲಿಯೆಸ್ಟರಿನವಾದರೆ ಮೇಲು. ಹಡಗಿನ ಹಾಯಿಬಟ್ಟೆಯನ್ನು ಮಾಡುವವರು ಪದರ ಪದರವಾಗಿ ಅಂಟಿಸಿ ತಯಾರಿಸುವ ಹೊಸ ಬಟ್ಟೆಗಳೂ ಈಗ ಇವೆ. ಹಗುರ, ನೀರು ನುಗ್ಗದು, ಬೆಲೆ ಮಾತ್ರ ನುಗ್ಗುತ್ತದೆ. ಒಳಗೆ ಲೇಪವಿರುವ ಬಟ್ಟೆಗಳನ್ನು ತೇವದ ಮೂಲೆಯಲ್ಲಿ ಮಡಿಸಿಟ್ಟರೆ ಕೆಲವು ವರ್ಷಗಳಲ್ಲಿ ಲೇಪ ಜಿಗುಟಾಗಿ ಸುಲಿದು ಬರುತ್ತದೆ. ಮಲೆನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹತ್ತಿಯ ಕ್ಯಾನ್ವಾಸನ್ನೂ ನಾನು ಹಳಿಯುವುದಿಲ್ಲ. ದಟ್ಟವಾಗಿ ನೆಯ್ದ ಹತ್ತಿ ನೆನೆದಾಗ ಉಬ್ಬಿ ತನ್ನ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಮೇಣ ಹಚ್ಚಿದರೆ ಇನ್ನೂ ಒಳ್ಳೆಯದು. ಒಣಗಿಸುವ ಶ್ರದ್ಧೆಯೊಂದಿರಬೇಕು.

ದಾರ ಪಾಲಿಯೆಸ್ಟರಿನದು ಅಥವಾ ನೈಲಾನಿನದು, ದಪ್ಪನೆಯದು. ಸೂಜಿ 100 ಅಥವಾ 110ನೆಯ ಅಂಕದ್ದು. ಹೊಲಿಗೆ ಒತ್ತಾದಷ್ಟೂ ಗಟ್ಟಿಯೆಂದು ತಿಳಿಯುವುದು ತಪ್ಪು. ಅಂಚೆಚೀಟಿಯ ಅಂಚಿನಂತೆ ತೂತುಗಳ ಸಾಲಾಗಿ ಬಟ್ಟೆ ಅಲ್ಲಿಯೇ ಹರಿಯುತ್ತದೆ. ಅಂಗುಲಕ್ಕೆ ಆರೇಳು ಸಾಕು. ಲೇಪದ ಬಟ್ಟೆಗೆ ಗುಂಡುಸೂಜಿ ಚುಚ್ಚಿದರೆ ಆ ತೂತು ಮುಚ್ಚುವುದಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಹಿಡಿಸಿಕೊಂಡರೆ ಸರಿ. ಜಿಪ್ಪು ದೊಡ್ಡ ಹಲ್ಲಿನದಿರಲಿ, ಎಂಟು ಅಥವಾ ಹತ್ತನೆಯ ಅಳತೆಯದು. ಜಿಪ್ಪು ಕೆಡುವುದು ಬಹುಮಟ್ಟಿಗೆ ನಮ್ಮ ದುರಾಸೆಯಿಂದ. ಉಬ್ಬಿದ ಚೀಲವನ್ನು ಮಂಡಿಯಿಂದ ಒತ್ತಿ ಎಳೆದರೆ ಅದರ ಗುಬ್ಬಿ ಸವೆದು ಬಾಯಿ ಬಿಡುತ್ತದೆ. ಮಣ್ಣು ಕುಳಿತರೂ ಅಷ್ಟೇ. ಹಳೆಯ ಹಲ್ಲುಜ್ಜುವ ಬ್ರಷ್ಷೂ ನೀರೂ ಅದಕ್ಕೆ ಮದ್ದು.

ಇಷ್ಟನ್ನೂ ತಿಳಿದ ಮೇಲೂ ಸೀಟಿನ ಚೀಲವನ್ನು ಹೊಲಿಯಲು ನನಗೆ ಧೈರ್ಯವಾಗಲಿಲ್ಲ. ಮಂಡಿ ಮೊಹಲ್ಲದಲ್ಲಿ ಆಟೋರಿಕ್ಷಾಗಳಿಗೆ ರೆಕ್ಸಿನ್ ಸೀಟು ಹೊಲಿಯುವ ಸಾಹೇಬರೊಬ್ಬರ ಬಳಿಗೆ ಹರಿದ ಚೀಲವನ್ನು ತೆಗೆದುಕೊಂಡು ಹೋದೆ. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, “ಮೇಷ್ಟ್ರೇ, ನೀವು ಭಾರವನ್ನೆಲ್ಲ ಬಟ್ಟೆಗೆ ಹೊರಿಸಿದ್ದೀರಿ. ಬಟ್ಟೆ ಇರುವುದು ಸಾಮಾನು ಬೀಳದ ಹಾಗೆ ಮುಚ್ಚಲಿಕ್ಕೆ. ಹೊರಬೇಕಾದದ್ದು ಪಟ್ಟಿ” ಎಂದರು. ನಾನು ಪಟ್ಟಿಯ ತುದಿಯನ್ನು ಬಟ್ಟೆಗೆ ಒಂದೇ ಗೆರೆಯಾಗಿ ಹೊಲಿದಿದ್ದೆ. ಅವರು ಪಟ್ಟಿಯನ್ನು ಚೀಲದ ಹೊಟ್ಟೆಯ ಕೆಳಗಿನಿಂದ ಸುತ್ತಿ ತಂದು, ಬಕ್ಕಲ್ಲಿನ ಮೂಲಕ ಸೀಟಿನ ಕಂಬಿಗೆ ಬಿಗಿಯುವಂತೆ ಮಾಡಿದರು. ಸೇರುವ ಕಡೆಗಳಲ್ಲಿ ಚೌಕವಾಗಿಯೂ ಅದರೊಳಗೆ ಗುಣಾಕಾರದ ಚಿಹ್ನೆಯಾಗಿಯೂ ಹೊಲಿದರು. ತಳಕ್ಕೆ ಹಳೆಯ ಪ್ಲಾಸ್ಟಿಕ್ ಕೊಡದಿಂದ ಕತ್ತರಿಸಿದ ಹಲಗೆಯೊಂದನ್ನು ಸೇರಿಸಿದರು. ಅದರಿಂದ ಚೀಲ ಜೋಲುವುದು ತಪ್ಪಿತು. ಚೌಕಟ್ಟಿನ ಬಣ್ಣ ಸವೆಯದಂತೆ ಪಟ್ಟಿ ಮುಟ್ಟುವ ಕಡೆಯಲ್ಲೆಲ್ಲ ಹಳೆಯ ಟ್ಯೂಬಿನ ತುಂಡುಗಳನ್ನು ಸುತ್ತುವ ಉಪಾಯವೂ ಅವರದೇ. ಯಾವ ಪುಸ್ತಕದಲ್ಲಿಯೂ ನಾನು ಇಷ್ಟು ಕಡಮೆ ಹೊತ್ತಿನಲ್ಲಿ ಇಷ್ಟು ಕಲಿತಿಲ್ಲ.

ಇನ್ನು ನೀರಿನ ವಿಚಾರ. ಹೊಲಿದ ಚೀಲ ಎಷ್ಟೇ ಒಳ್ಳೆಯ ಬಟ್ಟೆಯದಾದರೂ ಸೂಜಿಯ ತೂತು ತೂತೇ. ಮಲೆನಾಡಿನ ಮಳೆ ಅವುಗಳನ್ನು ಹುಡುಕಿಕೊಂಡು ಬರುತ್ತದೆ. ರಾತ್ರಿ ಹೊದೆಯುವ ಬಟ್ಟೆಯನ್ನೂ ಒಂದು ಜೊತೆ ಒಣ ಉಡುಪನ್ನೂ ಒಳಗೆ ಬೇರೆಯಾದ ನೀರು ನುಗ್ಗದ ಚೀಲದಲ್ಲಿ ಹಾಕಿ, ಬಾಯನ್ನು ಮೂರು ನಾಲ್ಕು ಸುತ್ತು ಸುರುಳಿ ಸುತ್ತಿ ಕಟ್ಟಬೇಕು. ಅದಿಲ್ಲದಿದ್ದರೆ ದಪ್ಪನೆಯ ಗೊಬ್ಬರದ ಚೀಲದ ಒಳಪದರವೂ ಆಗುತ್ತದೆ, ಚೆನ್ನಾಗಿ ತೊಳೆದದ್ದು. ಇದನ್ನು ಯಾವ ಕಾರಣಕ್ಕೂ ಮರೆಯಬೇಡಿರಿ. ಅಂದು ಹುಡುಗನ ಕಂಬಳಿಯೊಂದು ಒಣಗಿದ್ದಿದ್ದರೆ ಆ ರಾತ್ರಿ ಬೇರೆಯಾಗಿರುತ್ತಿತ್ತು.

ಕಳೆದ ಆಷಾಢದಲ್ಲಿ ಅದೇ ದಾರಿಯಲ್ಲಿ ಮತ್ತೆ ಹೋದೆವು. ಹೊರಡುವ ಮುಂಜಾನೆ ಅಕ್ಕ ಬೀದಿಗೆ ಬಂದು, ಮಾತನಾಡದೆ, ಎರಡು ಸೈಕಲ್ಲುಗಳ ಪ್ರತಿಯೊಂದು ಪಟ್ಟಿಯನ್ನೂ ತನ್ನ ಕೈಯಿಂದಲೇ ಎಳೆದು ನೋಡಿದಳು. ಸಾಹೇಬರ ಹೊಲಿಗೆ ಅಲುಗಲಿಲ್ಲ. ಭಾಗಮಂಡಲದಲ್ಲಿ ಆ ತಾಯಿಯವರ ಮನೆಗೆ ಹೋಗಿ ಮೈಸೂರಿನಿಂದ ತಂದಿದ್ದ ಹಣ್ಣುಗಳನ್ನು ಕೊಟ್ಟು ನಮಸ್ಕರಿಸಿದೆವು. ಹುಡುಗನ ಬಟ್ಟೆಗಳೆಲ್ಲ ಒಣಗಿದ್ದುವು. ನಾನು ಹೊಲಿದ ತ್ರಿಕೋನದ ಚೀಲದಲ್ಲಿ ಮಾತ್ರ ಜಿಪ್ಪಿನಿಂದ ಇಳಿದ ನೀರು ಕೆಳಗಿನ ಮೂಲೆಯಲ್ಲಿ ಒಂದು ಬೊಗಸೆಯಷ್ಟು ನಿಂತು ಅವಲಕ್ಕಿಯನ್ನು ನೆನೆಸಿತ್ತು. ನೀರು ಹೋಗುವುದಕ್ಕೆ ಅಲ್ಲಿ ನಾನು ದಾರಿಯನ್ನೇ ಇಟ್ಟಿರಲಿಲ್ಲ. ಬರುವ ಮಳೆಗಾಲಕ್ಕೆ ಮೊದಲು ಆ ಮೂಲೆಗೆ ಒಂದು ಹಿತ್ತಾಳೆಯ ಕಣ್ಣನ್ನು ಹಾಕಿಸಬೇಕಾಗಿದೆ.